ಕತ್ತರಿ ಕೆಳಗಿಟ್ಟ ಕವರಕ್ಕ

ಬೆಳಗಿನ ಆರೂಕಾಲು. ತರಬೇತಿ ಕೇಂದ್ರದ ಎರಡನೆಯ ಮಹಡಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಉದ್ದನೆಯ ಮೇಜು. ಮೇಜಿನ ಮೇಲೆ ಕಂದು ಲಕೋಟೆಗಳ ರಾಶಿ, ಗೋಂದಿನ ಡಬ್ಬಿ, ಒಂದು ಮೇಣದಬತ್ತಿ, ಕೆಂಪು ಅರಗಿನ ಕಡ್ಡಿ. ರಾಶಿಯ ಹಿಂದೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಐವತ್ತಮೂರರ ಹೆಂಗಸೊಬ್ಬರು ಅರಗನ್ನು ಬತ್ತಿಯ ಉರಿಗೆ ಹಿಡಿದು ಲಕೋಟೆಯ ಬೆನ್ನಿಗೆ ತೊಟ್ಟು ತೊಟ್ಟಾಗಿ ಬೀಳಿಸುತ್ತಾರೆ. ಬಿಸಿ ಆರುವ ಮುಂಚೆ ಹಿತ್ತಾಳೆಯ ಮೊಹರು ಒತ್ತುತ್ತಾರೆ, ಉಫ್ ಎಂದು ಊದುತ್ತಾರೆ, ಪಕ್ಕಕ್ಕಿಡುತ್ತಾರೆ. ಇದು ಇವತ್ತಿನ ಹದಿನೇಳನೆಯದು. ಇನ್ನೂ ಏಳು ಬಾಕಿ.

"ಮೊಹರು ಒತ್ತೋವಾಗ ಮಾತ್ರ ಮಾತಾಡಿಸ್ಬೇಡಿ. ಸೀಲು ಓರೆ ಆದ್ರೆ ಸುಳ್ಳು ಕವರು ಅಂತ ಗೊತ್ತಾಗಿಬಿಡುತ್ತೆ. ಸುಳ್ಳು ಕವರು ನಿಜದ್ದರ ಹಾಗೇ ಇರ್ಬೇಕು. ಇಲ್ಲದಿದ್ರೆ ಕಲಿಯೋಕೆ ಬಂದೋರಿಗೆ ಭಯ ಎಲ್ಲಿಂದ ಬರುತ್ತೆ?" ಎನ್ನುತ್ತಾರೆ ಅವರು, ತಲೆ ಎತ್ತದೆ.

ಸರ್ಕಾರಿ ಕಚೇರಿಗಳಲ್ಲಿ ಖರೀದಿ ಮಾಡುವವರಿಗೆ, ಟೆಂಡರ್ ಕರೆಯುವವರಿಗೆ, ಗುತ್ತಿಗೆ ಕೊಡುವವರಿಗೆ ಇಲ್ಲಿ ಐದೈದು ದಿನದ ತರಬೇತಿ ನಡೆಯುತ್ತದೆ. ಎಂಜಿನಿಯರುಗಳು ಬರುತ್ತಾರೆ, ಲೆಕ್ಕಪತ್ರ ಶಾಖೆಯವರು ಬರುತ್ತಾರೆ, ಬಡ್ತಿ ಸಿಕ್ಕಿ ಎದೆಯುಬ್ಬಿಸಿಕೊಂಡ ಅಧಿಕಾರಿಗಳೂ ಬರುತ್ತಾರೆ. ದಾಖಲೆಗಳಲ್ಲಿ ಈ ಹೆಂಗಸು ಕೇಂದ್ರದ ಅಟೆಂಡರ್. ಬೀಗ ತೆಗೆಯುವುದು, ಕುರ್ಚಿ ಜೋಡಿಸುವುದು, ನೀರಿಡುವುದು ಅವರ ಕೆಲಸ. ಆದರೆ ಇಲ್ಲಿ ಕಲಿತು ಹೋದ ಹದಿಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ಯಾರನ್ನೇ ಕೇಳಿ, ಪಾಠ ಮಾಡಿದ ದೊಡ್ಡವರ ಹೆಸರು ಮರೆತಿರುತ್ತಾರೆ, 'ಕವರಕ್ಕ ಹೇಗಿದ್ದಾರೆ?' ಎಂದು ಮಾತ್ರ ವಿಚಾರಿಸುತ್ತಾರೆ. ಮನೆಯವರನ್ನು ಬಿಟ್ಟರೆ ಅವರನ್ನು ಬೇರೆ ಹೆಸರಿನಿಂದ ಕರೆಯುವವರೇ ಇಲ್ಲ.

ಇವತ್ತು ಕವರಕ್ಕನ ಸೀರೆಯ ನೆರಿಗೆ ಬೇರೆ ದಿನಗಳಿಗಿಂತ ಚೂಪಾಗಿದೆ. ಕಾರಣವಿದೆ. ಹತ್ತು ಗಂಟೆಗೆ ಈ ಕೋಣೆಗೆ ಇಪ್ಪತ್ತನಾಲ್ಕು ಜನ ಬರುತ್ತಾರೆ. ಎಲ್ಲರೂ ಬೇರೆ ಬೇರೆ ಕಚೇರಿಗಳ ಅಟೆಂಡರುಗಳು. ಅಧಿಕಾರಿಗಳಿಗೆಂದೇ ಕಟ್ಟಿದ ಈ ಕೇಂದ್ರದಲ್ಲಿ ಅಟೆಂಡರುಗಳಿಗೊಂದು ತರಬೇತಿ ನಡೆಯುತ್ತಿರುವುದು ಇದೇ ಮೊದಲು. ಪಾಠ ಹೇಳುವವರ ಜಾಗದಲ್ಲಿ ಕವರಕ್ಕ ನಿಲ್ಲುತ್ತಿರುವುದೂ, ಕಾಗದದ ಮೇಲೆ, ಇದೇ ಮೊದಲು. ಎರಡು ತಿಂಗಳ ಹಿಂದೆ, ಅವರು ಇನ್ನು ಈ ಮೇಜಿನ ಬಳಿ ಸುಳಿಯುವ ಹಾಗಿಲ್ಲ ಎಂಬಲ್ಲಿಗೆ ಮಾತು ಬಂದು ನಿಂತಿತ್ತು.

ಆ ಕಥೆಗೆ ಹೋಗುವ ಮುಂಚೆ ಒಂದು ಕತ್ತರಿಯ ಕಥೆ ಹೇಳಬೇಕು.

ಇಪ್ಪತ್ತೆರಡು ವರ್ಷಗಳ ಹಿಂದೆ ಕವರಕ್ಕ ಒಂದು ಎಂಜಿನಿಯರಿಂಗ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದರು. ಓದಿದ್ದು ಹತ್ತನೆಯ ತರಗತಿ. ಬೆಳಿಗ್ಗೆ ಎಂಟಕ್ಕೆ ಬೀಗ ತೆಗೆದು, ಬಂದ ಟಪಾಲನ್ನೆಲ್ಲ ಕತ್ತರಿಯಿಂದ ಬಿಡಿಸಿ, ಒಳಗಿನ ಕಾಗದಕ್ಕೆ ಪಿನ್ನು ಚುಚ್ಚಿ, ತಾರೀಕಿನ ಮುದ್ರೆ ಹಾಕಿ ಸಾಹೇಬರ ತಟ್ಟೆಯಲ್ಲಿಡಬೇಕು. ಎರಡು ವಾರದಲ್ಲಿ ಕೈ ಪಳಗಿತು. ಮೂರನೆಯ ವಾರ ಒಂದು ಸೋಮವಾರ ಹನ್ನೊಂದು ದಪ್ಪ ಲಕೋಟೆಗಳು ಒಟ್ಟಿಗೆ ಬಂದವು. ಹೊಸ ಕೆಲಸದ ಹುರುಪು. ಸಾಹೇಬರು ಬರುವಷ್ಟರಲ್ಲಿ ಮುಗಿಸಿಬಿಡಬೇಕೆಂದು ಹನ್ನೊಂದನ್ನೂ ಅಂಚು ಹಿಡಿದು ಕತ್ತರಿಸಿದರು. ಒಂದೊಂದರೊಳಗೂ ಮತ್ತೆ ಎರಡೆರಡು ಲಕೋಟೆಗಳಿದ್ದವು. ಅವನ್ನೂ ಕತ್ತರಿಸಿದರು, ಪಿನ್ನು ಚುಚ್ಚಿದರು, ಮುದ್ರೆ ಒತ್ತಿದರು. ಅಷ್ಟು ಅಚ್ಚುಕಟ್ಟಾಗಿ ಆ ಕಚೇರಿಯಲ್ಲಿ ಯಾರೂ ಕೆಲಸ ಮಾಡಿರಲಿಕ್ಕಿಲ್ಲ.

"ಬಂದಿದ್ದನ್ನೆಲ್ಲ ಬಿಡಿಸಿಡು ಅಂದಿದ್ರು. ಎಲ್ಲ ಅಂದ್ರೆ ಎಲ್ಲ ಅಂತ ತಿಳ್ಕೊಂಡೆ. ಕವರಿನ ಮುಖದ ಮೇಲೆ ಕೆಂಪಕ್ಷರದಲ್ಲಿ 'ತೆರೆಯಬಾರದು' ಅಂತ ಬರೆದಿತ್ತು. ನಾನು ಮುಖ ನೋಡ್ಲೇ ಇಲ್ಲ, ಅಂಚು ನೋಡಿದೆ. ಕತ್ತರಿ ಹಿಡಿದೋರು ಅಂಚೇ ಅಲ್ವಾ ನೋಡೋದು?" ಎಂದು ಕವರಕ್ಕ ನಗುತ್ತಾರೆ. ಇವತ್ತು ನಗುತ್ತಾರೆ. ಅವತ್ತು ಹತ್ತೂವರೆಗೆ ಬಂದ ಸಾಹೇಬರು ತಟ್ಟೆ ನೋಡಿ ಕುರ್ಚಿಯಲ್ಲಿ ದೊಪ್ಪನೆ ಕುಳಿತುಬಿಟ್ಟರಂತೆ.

ಅವು ಟೆಂಡರ್ ಲಕೋಟೆಗಳು. ಬಂದ ಹಾಗೆಯೇ ಬೀಗ ಹಾಕಿದ ಪೆಟ್ಟಿಗೆಗೆ ಬೀಳಬೇಕಾದವು. ಒಳಗಿನ ಎರಡರಲ್ಲಿ ಒಂದರಲ್ಲಿ ಗುತ್ತಿಗೆದಾರನ ಅರ್ಹತೆ, ಇನ್ನೊಂದರಲ್ಲಿ ಅವನು ಹೇಳಿದ ದರ. ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಗಂಟೆಗೆ, ಎಲ್ಲರೆದುರು ಮೊದಲು ಅರ್ಹತೆಯದನ್ನು ಬಿಡಿಸಬೇಕು. ಅದರಲ್ಲಿ ಗೆದ್ದವರ ದರದ ಲಕೋಟೆಯನ್ನು ಮಾತ್ರ, ಮತ್ತೊಂದು ದಿನ, ಬಿಡಿಸಬೇಕು. ದರ ಮೊದಲೇ ಬಯಲಾದರೆ ಯಾರು ಯಾರಿಗೆ ಹೇಳಿಕೊಟ್ಟರೋ ಎಂಬ ಅನುಮಾನ ಶುರುವಾಗುತ್ತದೆ. ಹಾಗಾಗಿ ಇಡೀ ಟೆಂಡರ್ ರದ್ದಾಯಿತು. ಎಲ್ಲ ಮತ್ತೆ ಮೊದಲಿನಿಂದ ಶುರುವಾಗಬೇಕಾಯಿತು.

ಆ ಟೆಂಡರ್ ಯಾವುದಕ್ಕೆ ಎಂದು ಕವರಕ್ಕನಿಗೆ ಗೊತ್ತಾದದ್ದು ಸಂಜೆ. ಅವರ ಮನೆಗೂ ಪೇಟೆಗೂ ನಡುವೆ ಹರಿಯುವ ಕಾಲುವೆಗೆ ಒಂದು ಕಾಲುಸೇತುವೆ. ಅವರ ಬೀದಿಯವರೇ ಆರು ವರ್ಷ ಅರ್ಜಿ ಮೇಲೆ ಅರ್ಜಿ ಹಾಕಿ ಮಂಜೂರು ಮಾಡಿಸಿಕೊಂಡಿದ್ದು. ಅದು ಒಂದು ವರ್ಷ ನಾಲ್ಕು ತಿಂಗಳು ತಡವಾಯಿತು. ಅಷ್ಟೂ ದಿನ ಬೀದಿಯ ಮಕ್ಕಳು ಶಾಲೆಗೆ ಮೂರು ಕಿಲೋಮೀಟರ್ ಸುತ್ತಿ ನಡೆದರು. ಅವರಲ್ಲಿ ಕವರಕ್ಕನ ಏಳು ವರ್ಷದ ಮಗಳೂ ಇದ್ದಳು.

"ದಿನಾ ಸಂಜೆ ಚೀಲ ಇಳಿಸ್ತಾ ಕೇಳ್ತಿದ್ಳು, ಅಮ್ಮಾ ಸೇತುವೆ ಯಾವಾಗ ಕಟ್ತಾರೆ ಅಂತ. ಕಟ್ತಾರೆ ಕಣೆ ಅಂತಿದ್ದೆ. ನಿಮ್ಮಮ್ಮನೇ ಕತ್ತರಿಸಿದ್ದು ಅಂತ ಹೇಳೋಕೆ ಬಾಯಿ ಬರಲಿಲ್ಲ," ಎಂದು ಹೇಳುವಾಗ ಮಾತ್ರ ಕವರಕ್ಕನ ಕೈ ಅರಗಿನ ಮೇಲೆ ಒಂದು ಕ್ಷಣ ನಿಲ್ಲುತ್ತದೆ.

ಕೆಲಸ ಹೋಗಲಿಲ್ಲ. ಎರಡು ಸಾಲಿನ ಆದೇಶ ಬಂತು, ತರಬೇತಿ ಕೇಂದ್ರಕ್ಕೆ ವರ್ಗ. ಅಲ್ಲಿ ಟಪಾಲೂ ಇಲ್ಲ, ಕತ್ತರಿಯೂ ಇಲ್ಲ, ಇವಳಿಂದ ಇನ್ನೇನೂ ಕೆಡುವುದಿಲ್ಲ ಎಂಬುದು ಮೇಲಿನವರ ಲೆಕ್ಕಾಚಾರ. ಅವತ್ತು ಕೆಳಗಿಟ್ಟ ಕತ್ತರಿಯನ್ನು ಕವರಕ್ಕ ಲಕೋಟೆ ಬಿಡಿಸಲು ಮತ್ತೆ ಎತ್ತಿಕೊಂಡಿಲ್ಲ. ಮನೆಗೆ ಕರೆಂಟ್ ಬಿಲ್ ಬಂದರೂ ಮುಖವನ್ನು ಎರಡು ಸಲ ಓದಿ, ಬೆರಳಿನಿಂದಲೇ ಬಿಡಿಸುತ್ತಾರೆ. ಗಂಡ ದರ್ಜಿ. ಮನೆಯಲ್ಲಿ ಕತ್ತರಿ ಹಿಡಿಯುವ ಹಕ್ಕು ಪೂರ್ತಿಯಾಗಿ ಅವರದು.

ಕೇಂದ್ರದಲ್ಲಿ ಮೂರು ವರ್ಷ ಅವರು ಕಸ ಗುಡಿಸಿದರು, ನೀರಿಟ್ಟರು, ಹಿಂದಿನ ಗೋಡೆಗೊರಗಿ ನಿಂತು ಅದದೇ ಪಾಠ ಕೇಳಿದರು. ಕೇಳಿ ಕೇಳಿ ಬಾಯಿಪಾಠವಾಯಿತು. ಮುಂದೆ ಕೂತ ಅಧಿಕಾರಿಗಳು ಊಟವಾದ ಮೇಲೆ ತೂಕಡಿಸುತ್ತಿದ್ದರು. ಪಾಠ ಹೇಳುತ್ತಿದ್ದವರು ನಿವೃತ್ತ ಎಂಜಿನಿಯರೊಬ್ಬರು, ಎಲ್ಲರ ಬಾಯಲ್ಲೂ 'ಮೇಷ್ಟ್ರು'. ಒಂದು ಮಧ್ಯಾಹ್ನ, ನಿದ್ದೆ ಓಡಿಸಲೆಂದು ಅವರು ಕೇಳಿದರು: "ನಿಮ್ಮಲ್ಲಿ ಯಾರಾದ್ರೂ ತೆರೆಯಬಾರದ ಕವರು ತೆರೆದಿದ್ದೀರಾ? ನಿಜ ಹೇಳಿ."

ಮೂವತ್ತು ಜನರೂ ಮುಂದಿದ್ದ ಕಾಗದ ತಿರುವತೊಡಗಿದರು. ಹಿಂದಿನಿಂದ, ನೀರಿನ ತಟ್ಟೆ ಹಿಡಿದ ಕವರಕ್ಕ ಹೇಳಿಬಿಟ್ಟರು: "ನಾನು ತೆರೆದಿದ್ದೀನಿ ಸರ್. ಹನ್ನೊಂದು."

ಮೇಷ್ಟ್ರು ಬೈಯಲಿಲ್ಲ. ತಟ್ಟೆ ಕೆಳಗಿಡಿಸಿ, ಮುಂದೆ ಕರೆದು, ಪೂರ್ತಿ ಹೇಳಿಸಿದರು. ಕಾಲುವೆ, ಸೇತುವೆ, ಮಗಳು ಎಲ್ಲ ಬಂತು. ತೂಕಡಿಸುತ್ತಿದ್ದವರು ನೆಟ್ಟಗೆ ಕೂತರು. ಒಬ್ಬ ಹಿರಿಯ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರಂತೆ. ತರಗತಿ ಮುಗಿದ ಮೇಲೆ ಮೇಷ್ಟ್ರು ಕೇಳಿದರು: "ಅಂಥದ್ದೇ ಕವರು ಮಾಡೋಕೆ ಬರುತ್ತೇನಮ್ಮಾ ನಿನಗೆ? ಇವರು ನನ್ನ ಮಾತು ಕೇಳಲ್ಲ. ಕೈಯಲ್ಲಿ ಹರಿದು ಕಲೀಲಿ."

ಹಾಗೆ ಹುಟ್ಟಿದ್ದು 'ಪೆಟ್ಟಿಗೆ ದಿನ'. ತರಬೇತಿಯ ಮೂರನೆಯ ದಿನ ಪಾಠವಿಲ್ಲ, ಭಾಷಣವಿಲ್ಲ. ಐದು ಗುಂಪು, ಗುಂಪಿಗೊಂದು ಬೀಗ ಹಾಕಿದ ಪೆಟ್ಟಿಗೆ, ಪೆಟ್ಟಿಗೆಗೆ ಏಳು ಗುತ್ತಿಗೆದಾರರ ಲಕೋಟೆ. ಹೊರಗಿನದೊಂದು, ಒಳಗಿನವೆರಡು ಸೇರಿ ಒಂದು ತಂಡಕ್ಕೆ ನೂರ ಐದು. ವರ್ಷಕ್ಕೆ ಹೆಚ್ಚೂಕಡಿಮೆ ಇಪ್ಪತ್ತನಾಲ್ಕು ತಂಡ. ಹತ್ತೊಂಬತ್ತು ವರ್ಷದಲ್ಲಿ ಕವರಕ್ಕ ಅಂಟಿಸಿ, ಅರಗು ಹಾಕಿ, ಮೊಹರು ಒತ್ತಿದ ಲಕೋಟೆಗಳು ಸುಮಾರು ನಲವತ್ತೆಂಟು ಸಾವಿರ. ಎಲ್ಲವೂ ಹರಿದುಹೋಗಲೆಂದೇ ಹುಟ್ಟಿದವು.

ಒಳಗೆ ಅವರು ಬಚ್ಚಿಡುವ ತಪ್ಪುಗಳದ್ದೇ ಒಂದು ಲೋಕ. ಮೂರನೆಯ ಗುತ್ತಿಗೆದಾರನೂ ಆರನೆಯವನೂ ಬೇರೆ ಬೇರೆ ಊರಿನವರು, ಆದರೆ ಇಬ್ಬರ ಕಾಗದಕ್ಕೂ ಒಂದೇ ಪಂಚಿಂಗ್ ಯಂತ್ರದ ಓರೆ ತೂತು. ಅಂದರೆ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಮಸಲತ್ತು ಮಾಡಿದ್ದಾರೆ. ಇನ್ನೊಬ್ಬನ ಅನುಭವ ಪತ್ರದಲ್ಲಿ, ಅವನ ಕಂಪನಿ ಹುಟ್ಟುವ ಮುಂಚೆಯೇ ಅವನು ರಸ್ತೆ ಹಾಕಿ ಮುಗಿಸಿದ್ದಾನೆ. ಮತ್ತೊಬ್ಬ ನಲವತ್ತು ಪುಟಕ್ಕೂ ಸಹಿ ಹಾಕಿ, ಸಹಿ ಬೇಕಾದ ಒಂದೇ ಪುಟ ಬಿಟ್ಟಿದ್ದಾನೆ. ಹೊಸ ತಪ್ಪು ಹೊಳೆದರೆ ಬಸ್ ಟಿಕೆಟಿನ ಹಿಂದೆ ಗೀಚಿಕೊಂಡು ಬರುತ್ತಾರೆ.

"ಓದಿದೋರಿಗೆ ಓದಿದೋರ ಥರದ ತಪ್ಪು ಇಡ್ಬೇಕು, ಆತುರದೋರಿಗೆ ಆತುರದ ತಪ್ಪು. ಮೊದಲ ದಿನ ಅವರು ಟೀ ಕುಡಿಯೋದು ನೋಡಿದ್ರೆ ಗೊತ್ತಾಗುತ್ತೆ. ಬಿಸಿ ನೋಡದೆ ಬಾಯಿ ಸುಟ್ಕೊಳ್ಳೋನು ಕವರನ್ನೂ ಮುಖ ನೋಡದೇ ಹರೀತಾನೆ," ಎನ್ನುತ್ತಾರೆ ಕವರಕ್ಕ, ತುಸು ತುಂಟತನದಿಂದಲೇ. ಪ್ರತಿ ತಂಡದಲ್ಲೂ ಒಬ್ಬರಾದರೂ ದರದ ಲಕೋಟೆಯನ್ನು ಮೊದಲು ಹರಿಯುತ್ತಾರೆ. ಹರಿದವರ ಮುಖ ಹುಳ್ಳಗಾಗುತ್ತದೆ. ಆಗ ಕವರಕ್ಕ ಹತ್ತಿರ ಹೋಗಿ ಹೇಳುವ ಮಾತು ಹತ್ತೊಂಬತ್ತು ವರ್ಷದಿಂದ ಅದೇ: "ಬೇಜಾರು ಮಾಡ್ಕೋಬೇಡಿ ಸರ್. ಇಲ್ಲಿ ಹರಿದ್ರೆ ನಾನು ಇನ್ನೊಂದು ಅಂಟಿಸ್ತೀನಿ. ಅಲ್ಲಿ ಹರಿದ್ರೆ ಅಂಟಿಸೋರಿಲ್ಲ."

ಈಗ ಟೆಂಡರೆಲ್ಲ ಕಂಪ್ಯೂಟರಿನಲ್ಲಿ ಅಲ್ಲವೇ ಎಂದರೆ ಅವರ ಬಳಿ ಉತ್ತರ ಸಿದ್ಧವಿದೆ. ಸಣ್ಣ ಕಚೇರಿಗಳಲ್ಲಿ ಇನ್ನೂ ಪೆಟ್ಟಿಗೆಯೇ ಇದೆ. ಕಂಪ್ಯೂಟರಿನಲ್ಲಿ ಗುಂಡಿ ಒತ್ತುವುದೂ ಇದೇ ಆತುರದ ಬೆರಳೇ.

ಮನೆಯಲ್ಲಿ ಈ ಕೆಲಸದ ಬಗ್ಗೆ ಮಹಾ ತಮಾಷೆ. ಎಂಬತ್ತು ದಾಟಿದ ಅತ್ತೆಗೆ, ಹರಿಯುವುದಕ್ಕೆಂದೇ ಲಕೋಟೆ ಮಾಡಿಸಿ ಸಂಬಳ ಕೊಡುವ ಸರ್ಕಾರದ ಬಗ್ಗೆ ಇನ್ನೂ ನಂಬಿಕೆ ಬಂದಿಲ್ಲ. ಸಂಜೆ ಸೊಸೆ ಚಪ್ಪಲಿ ಬಿಡುವ ಮುಂಚೆಯೇ ಒಳಗಿನಿಂದ ಪ್ರಶ್ನೆ ಬರುತ್ತದೆ, "ಇವತ್ತು ಎಷ್ಟು ಹರಿದ್ರೇ?" ಸೊಸೆ ಲೆಕ್ಕ ಹೇಳುತ್ತಾರೆ. ಅತ್ತೆ ಲೊಚಗುಟ್ಟುತ್ತಾರೆ.

ಹೀಗೆ ಸಾಗುತ್ತಿದ್ದ ಕೆಲಸಕ್ಕೆ ಈ ವರ್ಷದ ಆರಂಭದಲ್ಲಿ ಕುತ್ತು ಬಂತು. ಹೊಸ ನಿಯಮವೊಂದು ಹೊರಟಿತು: ಸರ್ಕಾರಿ ಖರೀದಿಯ ಪ್ರಮಾಣಪತ್ರ ಪರೀಕ್ಷೆ ಪಾಸಾದವರು ಮಾತ್ರ ತರಬೇತಿಯ ಯಾವುದೇ ಭಾಗವನ್ನು ನಡೆಸಬಹುದು. ಮೇಷ್ಟ್ರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. 'ಪೆಟ್ಟಿಗೆ ದಿನ'ದ ಮುಂದೆ ನಡೆಸುವವರ ಹೆಸರು ಬರೆಯಬೇಕಾದ ಜಾಗದಲ್ಲಿ ಇಷ್ಟು ವರ್ಷ ಯಾರೂ ಏನೂ ಬರೆದೇ ಇರಲಿಲ್ಲ. ಕೇಂದ್ರದ ನಿರ್ದೇಶಕಿ ಕವರಕ್ಕನನ್ನು ಕೋಣೆಗೆ ಕರೆದು, ಕೂರಿಸಿ, ಇದ್ದದ್ದನ್ನು ಇದ್ದಹಾಗೆ ಹೇಳಿದರು. ಪರೀಕ್ಷೆ ಪಾಸಾಗದಿದ್ದರೆ ಪೆಟ್ಟಿಗೆ ದಿನ ನಿಲ್ಲುತ್ತದೆ. ಆ ದಿನವೂ ಪರದೆಯ ಮೇಲೆ ಪಾಠ. ಅಟೆಂಡರುಗಳು ಪರೀಕ್ಷೆ ಬರೆಯಬಾರದೆಂದು ಎಲ್ಲೂ ಬರೆದಿಲ್ಲ, ಆದರೆ ಇವತ್ತಿನವರೆಗೆ ಯಾರೂ ಬರೆದಿಲ್ಲ. ಒಂದೇ ಅವಕಾಶ.

"ಪರೀಕ್ಷೆ ಕಂಪ್ಯೂಟರಿನಲ್ಲಿ ಅಂದ್ರು ಮೇಡಂ. ಕಂಪ್ಯೂಟರಿನ ಧೂಳು ಒರೆಸಿದ್ದೆ, ಗುಂಡಿ ಒತ್ತಿರಲಿಲ್ಲ. ಮನೆಗೆ ಹೋಗ್ತಾ ಸೇತುವೆ ಮೇಲೆ ನಿಂತೆ. ನಿನ್ನನ್ನ ತಡ ಮಾಡಿದ್ದಕ್ಕೆ ಇಷ್ಟು ವರ್ಷ ತೀರಿಸ್ತಾ ಇದ್ದೆ, ಇನ್ನು ತೀರಿಸೋಕೂ ಬಿಡಲ್ವಂತೆ ನೋಡು ಅಂತ ಸೇತುವೆಗೇ ಅಂದೆ," ಎಂದು ನೆನಪಿಸಿಕೊಳ್ಳುತ್ತಾರೆ ಕವರಕ್ಕ.

ಮಗಳು ಈಗ ಇಪ್ಪತ್ತೊಂಬತ್ತರವಳು, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ನಾಲ್ಕು ಭಾನುವಾರ ಅಮ್ಮನ ಕೈಮೇಲೆ ಕೈಯಿಟ್ಟು ಮೌಸ್ ಆಡಿಸುವುದನ್ನು ಕಲಿಸಿದಳು. ಮೊದಲ ಭಾನುವಾರ ಬಾಣದ ಗುರುತು ಪರದೆಯ ಮೂಲೆಗೆ ಓಡಿ ಅಡಗಿಕೊಳ್ಳುತ್ತಿತ್ತು. ಅಮ್ಮ ಅದಕ್ಕೆ ಬೈಯುತ್ತಿದ್ದರು. ಮೂರನೆಯ ಭಾನುವಾರ, ಅಣಕು ಪರೀಕ್ಷೆಯ ನಡುವೆ, ಇಪ್ಪತ್ತೆರಡು ವರ್ಷ ನುಂಗಿಕೊಂಡಿದ್ದ ಮಾತು ಕವರಕ್ಕನ ಬಾಯಿಂದ ಹೊರಬಿತ್ತು. ಆ ಸೇತುವೆ ತಡವಾದದ್ದು ತನ್ನ ಕೈಯಿಂದ ಎಂದು ಮಗಳಿಗೆ ಹೇಳಿದರು.

ಮಗಳು ಮೌಸ್ ಬಿಡಲಿಲ್ಲ. "ಗೊತ್ತಮ್ಮಾ. ನಾನು ಆರನೇ ಕ್ಲಾಸಲ್ಲಿದ್ದಾಗ ಅಜ್ಜಿ ಹೇಳಿಬಿಟ್ಟಿದ್ರು. ಅಷ್ಟು ದೂರ ನಡೆದಿದ್ದಕ್ಕೇ ಅಲ್ವಾ ನಾನು ಸ್ಕೂಲಲ್ಲಿ ಓಟದಲ್ಲಿ ಯಾವಾಗ್ಲೂ ಮೊದಲು ಬರ್ತಿದ್ದಿದ್ದು? ಗೆದ್ದ ಆ ಕಪ್ಪುಗಳಲ್ಲಿ ನಿನಗೂ ಪಾಲಿದೆ ಬಿಡು. ಈಗ ಈ ಪ್ರಶ್ನೆ ಓದು," ಎಂದಳು. ಒಳಕೋಣೆಯಿಂದ ಅತ್ತೆಯ ಕೆಮ್ಮು ಕೇಳಿಸಿತು. ಅಷ್ಟು ವರ್ಷದ ಗುಟ್ಟು ಮನೆಯಲ್ಲಿ ಗುಟ್ಟಾಗಿ ಉಳಿದದ್ದು ಕವರಕ್ಕನಿಗೊಬ್ಬರಿಗೇ.

ಪರೀಕ್ಷೆಯ ದಿನ ಮೂವತ್ತೊಂಬತ್ತು ಜನ. ಮೂವತ್ತೆಂಟು ಜನ ಅಧಿಕಾರಿಗಳು, ಒಬ್ಬರು ಕವರಕ್ಕ. ನೂರು ಅಂಕ, ಪಾಸಾಗಲು ಅರವತ್ತು. ಕೊನೆಯ ಪ್ರಶ್ನೆಯೊಂದಕ್ಕೇ ಹತ್ತು ಅಂಕ: ಪರದೆಯ ಮೇಲೆ ಒಂದು ಟೆಂಡರ್ ಪ್ರಕಟಣೆ, ನಾಲ್ವರು ಗುತ್ತಿಗೆದಾರರ ಕಾಗದಗಳು, ಇವರಲ್ಲಿ ಅರ್ಹರು ಯಾರು? ಒಂದು, ಎರಡು, ಮೂರು, ನಾಲ್ಕು, ಯಾವುದನ್ನಾದರೂ ಒತ್ತಬೇಕು. ಮೊದಲ, ಎರಡನೆಯ, ನಾಲ್ಕನೆಯವರ ತಪ್ಪು ಎದ್ದು ಕಾಣುತ್ತಿತ್ತು. ಮೂವತ್ತೆಂಟು ಜನ 'ಮೂರು' ಒತ್ತಿ ಎದ್ದು ಹೋದರು.

ಕವರಕ್ಕ ಒತ್ತಲಿಲ್ಲ. ಯಾವ ಕಾಗದವನ್ನೂ ಎರಡು ಸಲ ಓದುವುದು ಅವರ ಕೈಗಂಟಿದ ಗುಣ. ಪೆಟ್ಟಿಗೆಗೆ ಬೀಗ ಬಿದ್ದದ್ದು ಹನ್ನೆರಡನೆಯ ತಾರೀಕು. ಮೂರನೆಯವನು ಸಹಿ ಮಾಡಿದ್ದು ಹದಿನಾಲ್ಕನೆಯ ತಾರೀಕು.

"ಬೀಗ ಹಾಕಿ ಎರಡು ದಿನ ಆದ್ಮೇಲೆ ಬರೆದ ಕಾಗದ ಪೆಟ್ಟಿಗೆ ಒಳಗೆ ಹೇಗೆ ಹೋಯ್ತು? ಕೈ ಎತ್ತಿ ಕೇಳಿದೆ. ಮೇಲ್ವಿಚಾರಕರು, ಅಮ್ಮಾ, ಇರೋದರಲ್ಲಿ ಒಂದು ಒತ್ತಿ ಏಳಿ ಅಂದ್ರು. ಮೂರು ಒತ್ತಿದ್ರೆ ಹತ್ತು ಅಂಕ ಅಂತ ನನಗೂ ಗೊತ್ತಿತ್ತು. ಆದ್ರೆ ಕಣ್ಣಾರೆ ತಪ್ಪು ನೋಡಿ ಸರಿ ಅಂತ ಹೇಗೆ ಒತ್ತಲಿ? ನಾನು ಜನಕ್ಕೆ ಕಲಿಸೋದೇ ಅದನ್ನ ಅಲ್ವಾ?" ಎನ್ನುತ್ತಾರೆ. ಆ ಪ್ರಶ್ನೆಯನ್ನು ಖಾಲಿ ಬಿಟ್ಟು, ಕಚ್ಚಾ ಹಾಳೆಯಲ್ಲಿ ಕಾರಣವನ್ನು ಮೂರು ಸಾಲಲ್ಲಿ ಬರೆದು ಕೊಟ್ಟು ಬಂದರು.

ಫಲಿತಾಂಶ ಬಂತು. ಐವತ್ತೆಂಟು. ಎರಡು ಅಂಕಕ್ಕೆ ನಪಾಸು.

ಮರುದಿನ ಅವರು ಎಂದಿನ ಹಾಗೆ ಆರು ಗಂಟೆಗೆ ಬಂದು ಬೀಗ ತೆಗೆದರು. ಅರಗು, ಮೊಹರು, ಗೋಂದಿನ ಡಬ್ಬಿಯನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ನಿರ್ದೇಶಕಿಯ ಕೋಣೆಯಲ್ಲಿಟ್ಟರು. ಮೇಲೊಂದು ಕಾಗದವಿತ್ತು. ಪರೀಕ್ಷಾ ಮಂಡಳಿಗೆ ಬರೆದದ್ದು. ತನಗೆ ಅಂಕ ಕೊಡಿ ಎಂದು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಮುಂದಿನ ಸಲ ಬರೆಯುವವರಿಗೆ ತಪ್ಪು ಪಾಠ ಆಗಬಾರದು, ಆ ತಾರೀಕು ಸರಿಮಾಡಿ ಎಂದಷ್ಟೇ ಇತ್ತು. ನಿರ್ದೇಶಕಿ ಓದಿದರು, ಪ್ರಶ್ನೆಯನ್ನು ತರಿಸಿ ನೋಡಿದರು, ಆಮೇಲೆ ಗಂಟೆ ಒತ್ತುವುದನ್ನೂ ಮರೆತು ತಾವೇ ಮೆಟ್ಟಿಲಿಳಿದು ಬಂದರು.

"ನಾನೂ ಆ ಪ್ರಶ್ನೆಗೆ ಮೂರು ಅಂತಲೇ ಉತ್ತರ ಹಾಕ್ತಿದ್ದೆ," ಎಂದು ನಿರ್ದೇಶಕಿ ಇವತ್ತು ಯಾವ ಮುಚ್ಚುಮರೆಯೂ ಇಲ್ಲದೆ ಒಪ್ಪುತ್ತಾರೆ. "ಇಪ್ಪತ್ತಾರು ವರ್ಷದ ಅನುಭವ ನನಗೆ. ತಾರೀಕು ನೋಡ್ಲೇ ಇಲ್ಲ."

ಕವರಕ್ಕನ ಕಾಗದ, ಕಚ್ಚಾ ಹಾಳೆಯ ಪ್ರತಿ, ಜೊತೆಗೆ ನಿರ್ದೇಶಕಿಯ ಖಾರವಾದ ಒಂದು ಟಿಪ್ಪಣಿ ಮಂಡಳಿಗೆ ಹೋದವು. ಮೂರು ವಾರ ಕಳೆಯಿತು. ಆ ಮೂರು ವಾರದಲ್ಲಿ ಒಂದು ತಂಡ ಪೆಟ್ಟಿಗೆ ದಿನವಿಲ್ಲದೆಯೇ ತರಬೇತಿ ಮುಗಿಸಿತು. ಕವರಕ್ಕ ಹಿಂದೆ ನಿಂತು ನೀರು ಕೊಟ್ಟರು. ಮುಂದೆ ಕೂತವರು ತೂಕಡಿಸುವುದನ್ನು ನೋಡಿದರು. ಆಮೇಲೆ ಆದೇಶ ಬಂತು. ಅಚ್ಚಿನಲ್ಲಿ 'ನಾಲ್ಕು' ಹದಿನಾಲ್ಕಾಗಿತ್ತು. ಆ ಪ್ರಶ್ನೆಗೆ ಸರಿಯುತ್ತರವೇ ಇಲ್ಲ, ಎಲ್ಲರಿಗೂ ಹತ್ತು ಅಂಕ. ಮೂವತ್ತೆಂಟು ಜನರಿಗೆ ಆ ಹತ್ತು ಮೊದಲೇ ಸಿಕ್ಕಿದ್ದರಿಂದ ಆದೇಶದ ಲಾಭ ಪಡೆದದ್ದು ಇಡೀ ಪಟ್ಟಿಯಲ್ಲಿ ಒಬ್ಬರೇ. ಅರವತ್ತೆಂಟು. ಪಾಸು. ರಟ್ಟಿನ ಪೆಟ್ಟಿಗೆಯನ್ನು ನಿರ್ದೇಶಕಿ ತಾವೇ ಹೊತ್ತು ತಂದು ಈ ಮೇಜಿನ ಮೇಲೆ ಇಟ್ಟರಂತೆ.

ಪ್ರಮಾಣಪತ್ರ ಕೈಗೆ ಬಂದ ದಿನ ಏನು ಬೇಕು ಕೇಳಿ ಎಂದರು ಮೇಡಂ. ಕವರಕ್ಕ ಕೇಳಿದ್ದು ಹಳೆಯ ಕಡತವೊಂದನ್ನು. ಒಂಬತ್ತು ವರ್ಷದ ಹಿಂದೆ ಅವರೇ ಬರೆದುಕೊಟ್ಟ ಅರ್ಧ ಪುಟದ ಮನವಿ ಅದರಲ್ಲಿತ್ತು. 'ಪರಿಶೀಲಿಸಲಾಗುವುದು' ಎಂಬ ಷರಾ ಹೊತ್ತು ಧೂಳು ತಿನ್ನುತ್ತಿತ್ತು. ಅಟೆಂಡರುಗಳಿಗೂ ಒಂದು ದಿನ ಪಾಠವಿರಲಿ ಎಂಬುದು ಆ ಮನವಿ.

"ಎಂಜಿನಿಯರ್ಗೆ ಕಲಿಸ್ತಾರೆ, ಲೆಕ್ಕದೋರಿಗೆ ಕಲಿಸ್ತಾರೆ. ಕವರು ಮೊದಲು ಬರೋದು ಯಾರ ಕೈಗೆ? ನಮ್ಮ ಕೈಗೆ. ನಮಗೆ ಮಾತ್ರ ಯಾರೂ ಏನೂ ಹೇಳಲ್ಲ. ಆದ್ಮೇಲೆ ಬೈತಾರೆ ಅಷ್ಟೆ," ಎಂದು ಹೇಳುತ್ತ ಕವರಕ್ಕ ಇಪ್ಪತ್ತನಾಲ್ಕನೆಯ ಮೊಹರು ಒತ್ತುತ್ತಾರೆ. ಕಿಟಕಿಯಲ್ಲಿ ಬಿಸಿಲು ಬಂದಿದೆ.

ಹತ್ತು ಗಂಟೆ. ಇಪ್ಪತ್ತನಾಲ್ಕು ಜನ ಹಿಂದಿನ ಸಾಲುಗಳಿಗೆ ನುಗ್ಗುತ್ತಾರೆ. ಮುಂದೆ ಕೂರುವ ಅಭ್ಯಾಸ ಯಾರಿಗೂ ಇಲ್ಲ. ಒಬ್ಬಾಕೆ ಅಭ್ಯಾಸಬಲದಿಂದ ಕುರ್ಚಿ ಒರೆಸತೊಡಗುತ್ತಾಳೆ. "ಇವತ್ತು ನೀವು ಕೂತ್ಕೊಳ್ಳೋಕೆ ಬಂದಿರೋದು, ಒರೆಸೋಕಲ್ಲ," ಎಂದು ಕವರಕ್ಕ ಕೈಹಿಡಿದು ಮುಂದಿನ ಸಾಲಿಗೆ ತಂದು ಕೂರಿಸುತ್ತಾರೆ. ಪ್ರತಿಯೊಬ್ಬರ ಮುಂದೆ ಒಂದು ತಟ್ಟೆ, ತಟ್ಟೆಯಲ್ಲಿ ಹತ್ತು ಲಕೋಟೆ, ಪಕ್ಕದಲ್ಲಿ ಒಂದು ಕತ್ತರಿ. ಕತ್ತರಿಗಳೆಲ್ಲ ಎರವಲು. ಇಪ್ಪತ್ತನಾಲ್ಕು ಕತ್ತರಿ ಬೇಕೆಂದು ಬರೆದುಕೊಟ್ಟರೆ, ಖರೀದಿ ಕಲಿಸುವ ಈ ಕೇಂದ್ರದಲ್ಲೇ ಮೂರು ಕಡೆ ದರಪಟ್ಟಿ ತರಿಸಲು ತಿಂಗಳು ಹಿಡಿಯುತ್ತಿತ್ತು. ಗಂಡ ತಮ್ಮ ಬೀದಿಯ ದರ್ಜಿಗಳಿಂದೆಲ್ಲ ಕೇಳಿ ಚೀಲ ತುಂಬಿಸಿ ಕೊಟ್ಟಿದ್ದಾರೆ.

"ಬೆಳಗಿನ ಟಪಾಲು ಬಂದಿದೆ. ದಿನಾ ಮಾಡೋ ಹಾಗೆ ಶುರು ಮಾಡಿ. ನಾನು ನೀರು ತರ್ತೀನಿ," ಎಂದು ಹೇಳಿ ಕವರಕ್ಕ ಹೊರಗೆ ಹೋಗುತ್ತಾರೆ. ಹತ್ತು ಲಕೋಟೆಗಳಲ್ಲಿ ಒಂಬತ್ತು ಸಾಮಾನ್ಯ ಕಾಗದ. ಒಂದರ ಬೆನ್ನಿಗೆ ಕೆಂಪು ಅರಗು, ಮುಖಕ್ಕೆ ಕೆಂಪಕ್ಷರ.

ಕಚ್ ಕಚ್ ಸದ್ದು ಕಾರಿಡಾರಿನವರೆಗೆ ಕೇಳುತ್ತದೆ. ಕವರಕ್ಕ ಗೋಡೆಗೊರಗಿ ನಿಂತು ಕೇಳಿಸಿಕೊಳ್ಳುತ್ತಾರೆ. ಒಳಗೆ ಬಂದು ಎಣಿಸಿದಾಗ ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಟೆಂಡರ್ ಲಕೋಟೆಗಳು ನೀಟಾಗಿ ಅಂಚು ಕಳೆದುಕೊಂಡಿವೆ. ನಿವೃತ್ತಿಗೆ ಒಂದೇ ವರ್ಷ ಉಳಿದಿರುವ ಹಿರಿಯರೊಬ್ಬರು ಕತ್ತರಿಸಿದ ಲಕೋಟೆಯ ಮುಖವನ್ನು ಈಗ ಓದಿ ಬೆವರುತ್ತಿದ್ದಾರೆ.

"ಮೂವತ್ನಾಲ್ಕು ವರ್ಷದಿಂದ ಹೀಗೇ ಕತ್ತರಿಸ್ತಾ ಬಂದಿದ್ದೀನಮ್ಮಾ," ಎನ್ನುತ್ತಾರೆ ಅವರು.

"ಕೂತ್ಕೊಳ್ಳಿ ಯಜಮಾನ್ರೇ. ಇದು ಸುಳ್ಳು ಕವರು, ಏನೂ ಆಗಿಲ್ಲ. ನಾನು ನಿಜದ್ದೇ ಕತ್ತರಿಸಿದ್ದೆ. ಮೂರನೇ ವಾರದಲ್ಲಿ, ಹನ್ನೊಂದು," ಎಂದು ಕವರಕ್ಕ ಶುರುಮಾಡುತ್ತಾರೆ. ಕಾಲುವೆ ಬರುತ್ತದೆ, ಸೇತುವೆ ಬರುತ್ತದೆ, ಚೀಲ ಇಳಿಸುತ್ತ ಕೇಳಿದ ಮಗಳು ಬರುತ್ತಾಳೆ. ಆಮೇಲೆ ಪಾಠ. ಅಂಚು ನೋಡುವ ಮುಂಚೆ ಮುಖ. ಕೆಂಪಕ್ಷರ ಕಂಡರೆ ಕತ್ತರಿ ಕೆಳಗೆ. ಅನುಮಾನ ಬಂದರೆ ಕೇಳಿ, ಕೇಳಿದ್ದಕ್ಕೆ ಬೈದರೆ ಬೈಸಿಕೊಳ್ಳಿ. ಬಂದ ಹೊತ್ತು ಬರೆದಿಟ್ಟು, ಸೀದಾ ಪೆಟ್ಟಿಗೆಗೆ ಹಾಕಿ. ಹಿರಿಯರು ಎಲ್ಲವನ್ನೂ ಅಂಗೈ ಅಗಲದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ಊಟದ ನಂತರ, ನಿನ್ನೆಯೇ ಸಿದ್ಧಮಾಡಿಟ್ಟ ಹೊಸ ತಟ್ಟೆಗಳು. ಈ ಸಲ ಮೋಸ ಹೆಚ್ಚು. ಅರಗು ಚಿಕ್ಕದು, ಅಕ್ಷರ ಕೆಂಪಲ್ಲ, ಕಪ್ಪು. ಒಂದೆರಡು ಕಡೆ ಲಕೋಟೆಯನ್ನು ತಲೆಕೆಳಗು ಮಾಡಿ ಇಡಲಾಗಿದೆ. ಕವರಕ್ಕ ಈ ಸಲ ನೀರು ತರಲು ಹೋಗುವುದಿಲ್ಲ, ಅಲ್ಲೇ ನಿಲ್ಲುತ್ತಾರೆ. ಕತ್ತರಿಗಳು ಮೇಲೇಳುತ್ತವೆ, ತಡೆಯುತ್ತವೆ, ಲಕೋಟೆಗಳು ಮಗುಚಿಕೊಳ್ಳುತ್ತವೆ, ತುಟಿಗಳು ಓದುತ್ತವೆ. ಬಾಗಿಲ ಬಳಿ ನಿರ್ದೇಶಕಿ ಬಂದು ನಿಂತಿದ್ದಾರೆ. ಇಪ್ಪತ್ತು ನಿಮಿಷದ ಮೇಲೆ ಹಿರಿಯರೇ ಎದ್ದು, ಎಲ್ಲರಿಂದ ಟೆಂಡರ್ ಲಕೋಟೆ ಇಸಿದುಕೊಂಡು, ಒಂದೊಂದಾಗಿ ಎಣಿಸುತ್ತ ಪೆಟ್ಟಿಗೆಯ ಸೀಳಿನಲ್ಲಿ ಇಳಿಬಿಡುತ್ತಾರೆ. ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕು. ಎಲ್ಲ ಇಡಿಯಾಗಿವೆ. ಮೊದಲು ಚಪ್ಪಾಳೆ ತಟ್ಟಿದ್ದು ಕುರ್ಚಿ ಒರೆಸಿದಾಕೆ. ಆಮೇಲೆ ಕೋಣೆಯೇ ತಟ್ಟುತ್ತದೆ, ನಿರ್ದೇಶಕಿಯೂ ತಟ್ಟುತ್ತಾರೆ. ಹತ್ತೊಂಬತ್ತು ವರ್ಷ ಹರಿದುಹೋಗಲೆಂದೇ ಲಕೋಟೆ ಮಾಡಿದ ಕವರಕ್ಕ, ಹರಿಯದೆ ಉಳಿದ ಲಕೋಟೆಗಳ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ನಿಲ್ಲುತ್ತಾರೆ. ಕಣ್ಣು ತುಂಬಿದ್ದನ್ನು ಮರೆಮಾಚುವುದಿಲ್ಲ.

ಮುಂದಿನ ಆಸೆ ಏನು ಎಂದರೆ ದೊಡ್ಡದೇನೂ ಇಲ್ಲ. ನಿವೃತ್ತಿಗೆ ಏಳು ವರ್ಷವಿದೆ. ಅಷ್ಟರಲ್ಲಿ ಎಲ್ಲ ಕಚೇರಿಯ ಅಟೆಂಡರೂ ಒಂದು ದಿನ ಈ ಕುರ್ಚಿಯಲ್ಲಿ ಕೂತು ಹೋಗಬೇಕು, ಅಷ್ಟೆ. ಎರಡನೆಯ ತಂಡಕ್ಕೆ ದಿನ ಗೊತ್ತಾಗಿದೆ. ಕತ್ತರಿಗಳ ಚೀಲವನ್ನು ಹೆಗಲಿಗೇರಿಸಿ ಅವರು ಮನೆಯ ಕಡೆ ಹೊರಡುತ್ತಾರೆ. ಐದೂವರೆಯ ಬಿಸಿಲಿನಲ್ಲಿ ಕಾಲುಸೇತುವೆಯ ಮೇಲೆ ಶಾಲೆಯ ಮಕ್ಕಳು ಓಡುತ್ತಿದ್ದಾರೆ. ಕವರಕ್ಕ ಕಂಬಿ ಹಿಡಿದು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಡುತ್ತಾರೆ.

ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಮುಂಚೆಯೇ ಒಳಗಿನಿಂದ ಪ್ರಶ್ನೆ ಬರುತ್ತದೆ.

"ಇವತ್ತು ಎಷ್ಟು ಹರಿದ್ರೇ?"

"ಬೆಳಿಗ್ಗೆ ಹತ್ತೊಂಬತ್ತು, ಅತ್ತೆ," ಎನ್ನುತ್ತಾರೆ ಕವರಕ್ಕ, ಚೀಲ ಇಳಿಸುತ್ತ. "ಮಧ್ಯಾಹ್ನದ ಮೇಲೆ ಒಂದೂ ಇಲ್ಲ."